ಮಕ್ಕಳ ಲಿವರ್‌ನಲ್ಲಿ ಕೊಬ್ಬು: ತಪ್ಪು ಎಣ್ಣೆಯದ್ದೋ, ಸಕ್ಕರೆಯದ್ದೋ?

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿತು. ಶಾಲೆಯಲ್ಲಿ ‘ಶುಗರ್ ಬೋರ್ಡ್’ ಹಾಕಿ, ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ಕಾಣುವ ಹಾಗೆ ಬರೆಯಿರಿ ಎಂದಿತು. ಜುಲೈಯಲ್ಲಿ ಇನ್ನೊಂದು ಸೂಚನೆ ಬಂತು: ‘ಆಯಿಲ್ ಬೋರ್ಡ್’ ಕೂಡ ಹಾಕಿ. ಈ ಬೋರ್ಡುಗಳ ಸುದ್ದಿಯ ಜೊತೆಗೇ ಇನ್ನೊಂದು ವಿಷಯ ಓಡಾಡುತ್ತಿದೆ. ಮಕ್ಕಳಲ್ಲಿ ಫ್ಯಾಟಿ ಲಿವರ್ ಜಾಸ್ತಿಯಾಗುತ್ತಿದೆ ಎನ್ನುವುದು.

ಮಂಗಳೂರು, ಉಡುಪಿಯ ಮನೆಗಳಲ್ಲಿ ಇದನ್ನು ಓದಿದ ಅಪ್ಪ ಅಮ್ಮಂದಿರಿಗೆ ಗೊಂದಲವಾಗುವುದು ಸಹಜ. ಲಿವರ್ ಕಾಯಿಲೆ ಅಂದರೆ ಕುಡಿಯುವವರಿಗೆ ಬರುವುದು ಅಲ್ವಾ? ಹತ್ತು ವರ್ಷದ ಮಗುವಿಗೆ ಹೇಗೆ? ಕೊಬ್ಬು ಸೇರುವುದು ಎಣ್ಣೆ ತಿಂದು ಅಲ್ವಾ, ಮಧ್ಯದಲ್ಲಿ ಸಕ್ಕರೆ ಯಾಕೆ ಬಂತು? ಹಾಗಿದ್ದರೆ ದಿನಾ ತೆಂಗಿನಕಾಯಿ ಹಾಕಿ ಅಡುಗೆ ಮಾಡುವ ನಾವು ಏನು ಮಾಡಬೇಕು? ಇವು ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳು. ಒಂದೊಂದಾಗಿ ಬಿಡಿಸಿ ನೋಡೋಣ.

ಕುಡಿಯದವರಿಗೂ ಬರುವ ಕಾಯಿಲೆ

ಆರೋಗ್ಯವಂತ ಲಿವರ್‌ನಲ್ಲೂ ಒಂದಿಷ್ಟು ಕೊಬ್ಬು ಇರುತ್ತದೆ. ಅದು ಶೇ. 5ಕ್ಕಿಂತ ಜಾಸ್ತಿಯಾದಾಗ ವೈದ್ಯರು ಫ್ಯಾಟಿ ಲಿವರ್ ಅನ್ನುತ್ತಾರೆ. ತುಂಬಾ ಮಕ್ಕಳಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬಿನ ಜೊತೆ ಉರಿಯೂತ ಶುರುವಾಗುತ್ತದೆ, ಉರಿಯೂತ ವರ್ಷಗಟ್ಟಲೆ ಉಳಿದರೆ ಲಿವರ್‌ನಲ್ಲಿ ಗಾಯದ ಕಲೆಗಳು ಬೀಳುತ್ತವೆ. ಕಲೆ ಹೆಚ್ಚಾಗುತ್ತಾ ಹೋದರೆ ಕೊನೆಯ ಹಂತ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಅದರ ಕೆಲಸ ಕೆಡುವುದು. ಕೊಬ್ಬಿನ ಹಂತದಿಂದ ವಾಪಸ್ ಬರುವುದು ಸುಲಭ. ಕಲೆ ಬಿದ್ದ ಮೇಲೆ ಕಷ್ಟ.

2023ರಲ್ಲಿ ಜಗತ್ತಿನ ಲಿವರ್ ತಜ್ಞರ ಸಂಘಗಳು ಸೇರಿ ಇದಕ್ಕೆ ಹೊಸ ಹೆಸರು ಕೊಟ್ಟಿವೆ. ಹಳೆಯ ‘ಎನ್‌ಎಎಫ್‌ಎಲ್‌ಡಿ’ (ಕುಡಿತದಿಂದಲ್ಲದ ಫ್ಯಾಟಿ ಲಿವರ್) ಬದಲು ಈಗ ‘ಎಂಎಎಸ್‌ಎಲ್‌ಡಿ’ ಅನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಎರಡರಲ್ಲಿ ಯಾವುದು ಕಂಡರೂ ವಿಷಯ ಒಂದೇ.

ತೊಂದರೆ ಏನೆಂದರೆ, ಮಗುವಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಕಾಮಾಲೆ ಇಲ್ಲ, ಆಟ ಪಾಠ ಎಲ್ಲ ಎಂದಿನಂತೆ. ಹೊರಗೆ ಕಾಣಬಹುದಾದ ಒಂದು ಗುರುತು ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು. ಕೊಳೆ ಅಂದುಕೊಂಡು ಅದನ್ನು ಸೋಪು ಹಾಕಿ ಉಜ್ಜುವವರಿದ್ದಾರೆ. ಅದು ಕೊಳೆಯಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ರಕ್ತದಲ್ಲಿ ಅದರ ಮಟ್ಟ ಏರಿದೆ ಎಂಬುದರ ಸೂಚನೆ. ಫ್ಯಾಟಿ ಲಿವರ್‌ನ ಬೇರು ಇರುವುದೂ ಅಲ್ಲೇ.

‘ಮೂರರಲ್ಲಿ ಒಂದು ಮಗು’ ಎಂಬ ಸುದ್ದಿ

ದೆಹಲಿ ಏಮ್ಸ್‌ನ ತಜ್ಞರು ಭಾರತದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2022ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಮಕ್ಕಳಲ್ಲಿ ಶೇ. 35.4 ಎಂಬ ಅಂಕಿ ಬಂದದ್ದು ಅಲ್ಲಿಂದ. ತಲೆಬರಹಗಳಲ್ಲಿ ಅದು ‘ಮೂರರಲ್ಲಿ ಒಂದು ಮಗುವಿಗೆ ಫ್ಯಾಟಿ ಲಿವರ್’ ಆಯಿತು.

ಹೀಗೆ ಓದುವುದು ಸರಿಯಲ್ಲ. ಆ ಲೆಕ್ಕದಲ್ಲಿ ಬೊಜ್ಜು ಇರುವ ಮಕ್ಕಳನ್ನೇ ಆರಿಸಿಕೊಂಡ ಅಧ್ಯಯನಗಳೂ ಸೇರಿವೆ. ಬಿಡಿಸಿ ನೋಡಿದರೆ ಬೊಜ್ಜಿರುವ ಮಕ್ಕಳಲ್ಲಿ ಶೇ. 63.4, ಬೊಜ್ಜಿಲ್ಲದವರಲ್ಲಿ ಶೇ. 12.4. ಅಂದರೆ ನಿಮ್ಮ ಮಗುವಿನ ತರಗತಿಯ ಮೂರನೇ ಒಂದು ಪಾಲು ಮಕ್ಕಳಿಗೆ ಕಾಯಿಲೆ ಇದೆ ಎಂದು ಅರ್ಥವಲ್ಲ. ಹಾಗಂತ ‘ನಮ್ಮವನು ಸಪೂರ, ಚಿಂತೆ ಇಲ್ಲ’ ಅಂದುಕೊಳ್ಳಲೂ ಆಗುವುದಿಲ್ಲ. ನಮ್ಮ ಭಾಗದ ಜನರಲ್ಲಿ ತೂಕ ಅಷ್ಟೇನೂ ಇಲ್ಲದಿದ್ದರೂ ಹೊಟ್ಟೆಯ ಒಳಗೆ, ಲಿವರ್‌ನಲ್ಲಿ ಕೊಬ್ಬು ಕೂರುವ ಪ್ರವೃತ್ತಿ ಜಾಸ್ತಿ. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇದ್ದು, ಮಗುವಿಗೆ ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಕೊಬ್ಬು ಬರುವುದು ಎಲ್ಲಿಂದ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಫ್ಯಾಟಿ ಲಿವರ್ ಇರುವ ದೊಡ್ಡವರಲ್ಲಿ, ಲಿವರ್‌ನ ಕೊಬ್ಬಿನ ಮೂಲವನ್ನು ಹುಡುಕಿದ ಒಂದು ಅಧ್ಯಯನ 2005ರಲ್ಲಿ ಬಂತು. ಅದರಲ್ಲಿ ಸುಮಾರು ಶೇ. 59ರಷ್ಟು ಕೊಬ್ಬು ದೇಹದಲ್ಲಿ ಮೊದಲೇ ಶೇಖರವಾಗಿದ್ದ ಕೊಬ್ಬಿನಿಂದ ಕರಗಿ ಬಂದದ್ದು. ಶೇ. 26ರಷ್ಟನ್ನು ಲಿವರ್ ತಾನೇ ಹೊಸದಾಗಿ ತಯಾರಿಸಿತ್ತು, ಮುಖ್ಯವಾಗಿ ಸಕ್ಕರೆ ಮತ್ತು ಪಿಷ್ಟದಿಂದ. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ.

ಲಿವರ್ ಕೊಬ್ಬನ್ನು ತಯಾರಿಸುವುದು ಹೇಗೆ? ನಾವು ಚಹಾಕ್ಕೆ ಹಾಕುವ ಸಕ್ಕರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೆದುಳು, ಸ್ನಾಯು, ಎಲ್ಲ ಅಂಗಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸ್ ಹಾಗಲ್ಲ. ಒಮ್ಮೆಲೇ ಜಾಸ್ತಿ ಬಂದರೆ ಅದರ ಹೆಚ್ಚಿನ ಪಾಲು ಲಿವರ್‌ಗೇ ಹೋಗುತ್ತದೆ. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ‘ಈಗ ಸಾಕು’ ಎಂದು ತಡೆಯುವ ಒಂದು ಘಟ್ಟ ಇದೆ. ಫ್ರಕ್ಟೋಸ್ ಆ ಘಟ್ಟವನ್ನು ತಪ್ಪಿಸಿಕೊಂಡು ಹೋಗುತ್ತದೆ. ಬಂದದ್ದೆಲ್ಲ ಒಡೆಯುತ್ತದೆ, ಮಿಕ್ಕಿದ್ದು ಕೊಬ್ಬಾಗುತ್ತದೆ. ಇನ್ಸುಲಿನ್ ಮಟ್ಟ ಏರಿದ ಮಗುವಿನಲ್ಲಿ ಈ ಕೆಲಸ ಇನ್ನೂ ಚುರುಕು.

ಮಕ್ಕಳಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಬೊಜ್ಜು ಇರುವ ಮಕ್ಕಳಿಗೆ ಒಂಬತ್ತು ದಿನ ಸಕ್ಕರೆ ಕಡಿಮೆ ಮಾಡಿ, ಅಷ್ಟೇ ಕ್ಯಾಲರಿಯನ್ನು ಪಿಷ್ಟದ ಆಹಾರದಿಂದ ಕೊಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಲಿವರ್ ಕೊಬ್ಬು ಶೇ. 7.2ರಿಂದ 3.8ಕ್ಕೆ ಇಳಿದಿತ್ತು. ಒಂಬತ್ತೇ ದಿನ. ಹೊಟ್ಟೆಗೆ ಕಡಿಮೆ ಮಾಡದೆಯೂ ಇಷ್ಟು ಬದಲಾವಣೆ.

ನಮ್ಮ ಮಕ್ಕಳಿಗೆ ಇದರ ಅರ್ಥ ಏನು? ಸಿಬಿಎಸ್‌ಇ ಸುತ್ತೋಲೆಯ ಪ್ರಕಾರ 4ರಿಂದ 10 ವರ್ಷದ ಮಕ್ಕಳಿಗೆ ದಿನದ ಕ್ಯಾಲರಿಯಲ್ಲಿ ಶೇ. 13, 11ರಿಂದ 18 ವರ್ಷದವರಿಗೆ ಶೇ. 15 ಸಕ್ಕರೆಯಿಂದಲೇ ಸಿಗುತ್ತಿದೆ. ಇರಬೇಕಾದದ್ದು ಶೇ. 5. ಏಳೆಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲರಿ ಬೇಕು ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ. 5 ಅಂದರೆ 85 ಕ್ಯಾಲರಿ, ಅಂದರೆ 21 ಗ್ರಾಂ ಸಕ್ಕರೆ, ಸುಮಾರು ಐದು ಟೀ ಚಮಚ. ಒಂದು ಸಣ್ಣ 250 ಮಿಲಿ ಕೋಲಾ ಬಾಟಲಿಯಲ್ಲೇ 25 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಒಂದು ಬಾಟಲಿಗೆ ದಿನದ ಕೋಟಾ ಮುಗಿಯಿತು.

ಹಾಗಾದರೆ ಎಣ್ಣೆಗೆ ಪೂರ್ತಿ ವಿನಾಯಿತಿಯೇ?

ಇಲ್ಲ. ‘ಸಕ್ಕರೆ ಮಾತ್ರ ವಿಲನ್’ ಅನ್ನುವವರು ಮರೆಯುವ ಒಂದು ಅಧ್ಯಯನ ಉಂಟು. ಫಿನ್ಲೆಂಡಿನಲ್ಲಿ ಅಧಿಕ ತೂಕದ ದೊಡ್ಡವರಿಗೆ ಮೂರು ವಾರ ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿಯಾಗಿ ತಿನ್ನಿಸಿದರು. 2018ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹೆಚ್ಚುವರಿ ಕ್ಯಾಲರಿ ಸಕ್ಕರೆಯಿಂದ ಬಂದಾಗ ಲಿವರ್ ಕೊಬ್ಬು ಮೊದಲಿದ್ದದ್ದಕ್ಕಿಂತ ಶೇ. 33 ಏರಿತು. ಬೀಜಗಳು, ಆಲಿವ್ ಎಣ್ಣೆಯಂಥ ಅಪರ್ಯಾಪ್ತ ಕೊಬ್ಬಿನಿಂದ ಬಂದಾಗ ಶೇ. 15. ಬೆಣ್ಣೆ, ಚೀಸ್, ತೆಂಗಿನೆಣ್ಣೆಯಂಥ ಪರ್ಯಾಪ್ತ ಕೊಬ್ಬಿನಿಂದ ಬಂದಾಗ ಶೇ. 55.

ಕರಾವಳಿಯವರು ಇದನ್ನು ಗಮನವಿಟ್ಟು ಓದಬೇಕು. ತೆಂಗಿನೆಣ್ಣೆ ವಿಷ ಎಂದು ಇದರ ಅರ್ಥವಲ್ಲ. ಹೊಟ್ಟೆ ತುಂಬಿದ ಮೇಲೂ ದಿನಕ್ಕೆ 1,000 ಕ್ಯಾಲರಿ ತುರುಕಿದರೆ ಏನಾಗುತ್ತದೆ ಎಂಬುದಷ್ಟೇ ಅಲ್ಲಿ ಪರೀಕ್ಷೆಯಾದದ್ದು. ಆದರೆ ‘ತೆಂಗಿನೆಣ್ಣೆ ಆರೋಗ್ಯಕರ, ಎಷ್ಟು ಬೇಕಾದರೂ ಹಾಕಬಹುದು’ ಎಂಬ ಮಾತಿಗೆ ಆಧಾರ ಇಲ್ಲ ಎಂದು ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಎರಡು ಬೋರ್ಡುಗಳೂ ಬೇಕು. ಮಕ್ಕಳ ಮಟ್ಟಿಗೆ ಮೊದಲು ಕೈ ಹಾಕಬೇಕಾದದ್ದು ಸಕ್ಕರೆಗೆ. ಯಾಕೆಂದರೆ ಅಲ್ಲಿ ಪುರಾವೆ ನೇರವಾಗಿದೆ, ಮತ್ತೆ ಸಿಹಿ ಪಾನೀಯವನ್ನು ಬಿಟ್ಟರೆ ಮಗು ಕಳೆದುಕೊಳ್ಳುವ ಪೋಷಕಾಂಶ ಏನೂ ಇಲ್ಲ.

ನಮ್ಮ ಊರಿನ ತಟ್ಟೆ

ಕುಚ್ಚಲಕ್ಕಿ ಗಂಜಿ, ಬಸಳೆ ಕೊದ್ದೆಲ್, ಅಲಸಂಡೆ ಪಲ್ಯ, ಹೆಸರುಕಾಳಿನ ಗಸಿ, ಬೂತಾಯಿ ಪುಳಿಮುಂಚಿ. ಈ ತಟ್ಟೆಯಲ್ಲಿ ಲಿವರ್‌ಗೆ ಕೆಡುಕು ಮಾಡುವಂಥದ್ದು ಹುಡುಕಿದರೂ ಸಿಗುವುದಿಲ್ಲ. ನಾರು ಇದೆ, ಪ್ರೋಟೀನ್ ಇದೆ. ಬೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಕೊಬ್ಬು ಬೇಕಾದಷ್ಟಿದೆ. ಪದಾರ್ಥಕ್ಕೆ ಅರೆದು ಹಾಕುವ ತೆಂಗಿನಕಾಯಿ ನಾರಿನ ಜೊತೆ ಬರುತ್ತದೆ, ಅದನ್ನು ಲೋಟಗಟ್ಟಲೆ ಯಾರೂ ಕುಡಿಯುವುದಿಲ್ಲ. ಮೀನನ್ನು ವಾರದಲ್ಲಿ ಹೆಚ್ಚು ಸಲ ಪದಾರ್ಥ ಮಾಡಿ, ಅಪರೂಪಕ್ಕೆ ಫ್ರೈ ಮಾಡಿದರೆ ಸಾಕು.

ಗಮನ ಕೊಡಬೇಕಾದದ್ದು ಅನ್ನದ ಪ್ರಮಾಣಕ್ಕೆ. ಬೆಳಿಗ್ಗೆ ನೀರ್‌ದೋಸೆ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ ಆದರೆ ನಾಲ್ಕು ಹೊತ್ತೂ ಅಕ್ಕಿಯೇ ಆಯಿತು. ಗದ್ದೆ ಕೆಲಸ ಮಾಡುವ ದೇಹಕ್ಕೆ ಇದು ನಡೆಯುತ್ತಿತ್ತು. ಶಾಲೆಯ ಬೆಂಚು, ಟ್ಯೂಷನ್, ಸೋಫಾದ ನಡುವೆ ಬೆಳೆಯುವ ಮಗುವಿಗೆ ನಡೆಯುವುದಿಲ್ಲ. ಅನ್ನ ನಿಲ್ಲಿಸುವುದು ಬೇಡ. ತಟ್ಟೆಯಲ್ಲಿ ಪಲ್ಯ, ಕಾಳು, ಮೊಟ್ಟೆ ಅಥವಾ ಮೀನಿಗೆ ಮೊದಲು ಜಾಗ ಮಾಡಿ, ಉಳಿದ ಜಾಗಕ್ಕೆ ಅನ್ನ ಬಡಿಸಿದರೆ ಪ್ರಮಾಣ ತಾನಾಗಿ ಇಳಿಯುತ್ತದೆ. ಬೆಳ್ತಿಗೆ ಬದಲು ಕುಚ್ಚಲಕ್ಕಿ ಆದರೆ ಇನ್ನೂ ಒಳ್ಳೆಯದು, ಅದು ಸ್ವಲ್ಪ ನಿಧಾನವಾಗಿ ಜೀರ್ಣವಾಗುತ್ತದೆ.

ನಿಜವಾದ ಸಮಸ್ಯೆ ಊಟದಲ್ಲಿ ಇಲ್ಲ, ಊಟಗಳ ನಡುವಿನ ಹೊತ್ತಿನಲ್ಲಿದೆ. ಬನ್ಸ್ ಅಂದರೆ ಮೈದಾ, ಬಾಳೆಹಣ್ಣು, ಸಕ್ಕರೆ, ಮತ್ತೆ ಕರಿದ ಎಣ್ಣೆ. ಗೋಳಿಬಜೆಯದ್ದೂ ಮೈದಾ ಮತ್ತು ಎಣ್ಣೆ. ಬೇಕರಿಯ ಪಫ್ಸ್, ಕ್ರೀಮ್ ಬನ್. ಬೇಸಿಗೆಯಲ್ಲಿ ಜ್ಯೂಸ್ ಅಂಗಡಿ, ಭಾನುವಾರ ಗಡ್‌ಬಡ್ ಐಸ್‌ಕ್ರೀಮ್. ಒಂದೊಂದೂ ಅಪರೂಪಕ್ಕಾದರೆ ಸಂತೋಷದ ತಿಂಡಿ. ದಿನಾ ಒಂದಾದರೂ ಇದ್ದರೆ ಲೆಕ್ಕ ಬೇರೆ. ಹಣ್ಣನ್ನು ಕಡಿದು ತಿಂದರೆ ತೊಂದರೆ ಇಲ್ಲ, ನಾರಿನಿಂದಾಗಿ ಸಕ್ಕರೆ ನಿಧಾನ ಇಳಿಯುತ್ತದೆ. ಅದೇ ಹಣ್ಣನ್ನು ಸೋಸಿ ಸಕ್ಕರೆ ಹಾಕಿ ಕುಡಿದರೆ ಲಿವರ್‌ಗೆ ಅದೂ ಒಂದು ಕೋಲಾ. ಪುನರ್ಪುಳಿ ಶರಬತ್ತನ್ನೂ ಸಕ್ಕರೆ ಸುರಿದು ಮಾಡಿದರೆ ಅಷ್ಟೇ. ನೀರು, ನೀರು ಮಜ್ಜಿಗೆ ದಿನದ ಪಾನೀಯಗಳಾಗಲಿ. ಹಾಲಿಗೆ ಹಾಕುವ ಪೌಡರ್‌ಗಳ ಬಗ್ಗೆಯೂ ಒಂದು ಮಾತು: ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಲ್ಲಿ ಇಡಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು.

ತಿನ್ನುವ ರೀತಿ

ಬೋರ್ಡುಗಳು ಹೇಳದೆ ಬಿಡುವ ಭಾಗ ಇದು. ಏನು ತಿನ್ನುತ್ತಾರೆ ಎಂಬುದು ಬೋರ್ಡಿನಲ್ಲಿದೆ. ಯಾವಾಗ, ಹೇಗೆ, ಯಾಕೆ ತಿನ್ನುತ್ತಾರೆ ಎಂಬುದು ಇಲ್ಲ.

ನಗರದ ಒಂದು ಮಗುವಿನ ದಿನವನ್ನು ನೋಡಿ. ಬೆಳಿಗ್ಗೆ ಬೇಗ ಶಾಲಾ ಬಸ್ಸು. ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ, ಒಂದು ಲೋಟ ಸಿಹಿ ಹಾಲಿಗೆ ಮುಗಿಯುತ್ತದೆ. ಮಧ್ಯಾಹ್ನದ ಬುತ್ತಿ ಆರಿದೆ, ಸಮಯವೂ ಕಡಿಮೆ, ಅರ್ಧ ವಾಪಸ್ ಬರುತ್ತದೆ. ಸಂಜೆ ನಾಲ್ಕೂವರೆಗೆ ಹಸಿವು ಕೆರಳಿರುತ್ತದೆ. ಆಗ ಕೈಗೆ ಸಿಗುವುದು ಬೇಕರಿ ತಿಂಡಿ ಇಲ್ಲವೇ ಪ್ಯಾಕೆಟ್. ತುಂಬಾ ಹಸಿದ ಮಗು ಬೇಗ ಬೇಗ ತಿನ್ನುತ್ತದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರೊಳಗೆ ಬೇಕಾದದ್ದಕ್ಕಿಂತ ಜಾಸ್ತಿ ಒಳಗೆ ಹೋಗಿರುತ್ತದೆ. ಆಮೇಲೆ ಟ್ಯೂಷನ್. ರಾತ್ರಿ ಒಂಬತ್ತೂವರೆಗೆ ಟಿವಿ ಮುಂದೆ ಊಟ, ತಕ್ಷಣ ನಿದ್ದೆ. ಬೆಳಿಗ್ಗೆ ಮತ್ತೆ ಹಸಿವಿಲ್ಲ. ಚಕ್ರ ಹೀಗೆ ತಿರುಗುತ್ತದೆ. ಇದರಲ್ಲಿ ಮಗುವಿನ ಆಸೆಬುರುಕತನ ಎಲ್ಲಿದೆ? ದಿನದ ವೇಳಾಪಟ್ಟಿಯೇ ಅದನ್ನು ಸಂಜೆಯ ತಿಂಡಿಯ ಕಡೆಗೆ ದೂಡುತ್ತಿದೆ.

ಹಾಗಾಗಿ ಈ ಚಕ್ರ ಮುರಿಯಲು ಸುಲಭದ ಜಾಗ ಸಂಜೆ ನಾಲ್ಕೂವರೆ. ಆ ಹೊತ್ತಿಗೆ ಮನೆಯಲ್ಲಿ ನಿಜವಾದ ಆಹಾರ ಸಿದ್ಧ ಇರಲಿ. ಬೇಯಿಸಿದ ಮೊಟ್ಟೆ, ಕಡಲೆ ಉಸ್ಲಿ, ಒಂದೆರಡು ದೋಸೆ, ಹಣ್ಣು, ಏನಾದರೂ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಕಷ್ಟ ಎಂಬುದು ನಿಜ. ಆದರೆ ಬೆಳಿಗ್ಗೆಯೇ ಬೇಯಿಸಿಟ್ಟ ಕಡಲೆ ಸಂಜೆಯವರೆಗೆ ಫ್ರಿಜ್‌ನಲ್ಲಿ ಇರುತ್ತದೆ.

ಮೊಬೈಲ್ ತೋರಿಸಿ ತುತ್ತು ಕೊಡುವ ಅಭ್ಯಾಸ ಇನ್ನೊಂದು ಬೇರು. ಪರದೆ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ತನ್ನ ಹೊಟ್ಟೆಯ ಮಾತು ಕೇಳಿಸಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಅದರ ಜೊತೆ ‘ಇನ್ನೊಂದೇ ತುತ್ತು’, ‘ತಟ್ಟೆ ಖಾಲಿ ಮಾಡು’. ಅಜ್ಜಿ ಅಜ್ಜನ ಈ ಮಾತಿನ ಹಿಂದೆ ಇರುವುದು ಪ್ರೀತಿ, ಅದರಲ್ಲಿ ಸಂಶಯ ಇಲ್ಲ. ಮಗು ಒಣಗಿದರೆ ಭಯಪಡಬೇಕಾಗಿದ್ದ ಕಾಲದಲ್ಲಿ ಅದು ಸರಿಯಾದ ಎಚ್ಚರವೂ ಆಗಿತ್ತು. ಈಗ ಮಗು ‘ಸಾಕು’ ಅಂದಾಗ ನಿಲ್ಲಿಸಿದರೆ ಅದೇ ಪ್ರೀತಿ. ಏನು ಬಡಿಸಬೇಕು, ಯಾವ ಹೊತ್ತಿಗೆ, ಎಲ್ಲಿ ಕೂತು ಎಂಬುದನ್ನು ದೊಡ್ಡವರು ತೀರ್ಮಾನಿಸಲಿ. ಎಷ್ಟು ಎಂಬುದನ್ನು ಮಗು ಹೇಳಲಿ.

ಮಳೆಗಾಲದ ವಿಷಯ ಕರಾವಳಿಗೆ ವಿಶೇಷ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಕೆಸರು. ರೆಡ್ ಅಲರ್ಟ್ ಬಂದು ಡಿಸಿ ರಜೆ ಕೊಟ್ಟರೆ ಮಗು ಇಡೀ ದಿನ ಮನೆಯೊಳಗೆ. ಕೈಯಲ್ಲಿ ಮೊಬೈಲ್, ಪಕ್ಕದಲ್ಲಿ ಹಪ್ಪಳ, ಚಿಪ್ಸ್. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷದ ಮೂರನೇ ಒಂದು ಭಾಗ ಅದು ನಡೆಯದ ಊರಲ್ಲಿ ಶಾಲೆಗಳು ಒಳಾಂಗಣ ಆಟಕ್ಕೆ ಜಾಗ ಮಾಡಲೇಬೇಕು. ಪಿ.ಟಿ. ಪೀರಿಯಡನ್ನು ಗಣಿತಕ್ಕೆ ಬಿಟ್ಟುಕೊಡುವುದು ಇನ್ನಾದರೂ ನಿಲ್ಲಬೇಕು.

ಮಗುವಿಗೆ ಮಾತ್ರ ಪಥ್ಯ ಮಾಡಿದರೆ

2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ಯಾಟಿ ಲಿವರ್ ಇದ್ದ 11ರಿಂದ 16 ವರ್ಷದ 40 ಹುಡುಗರಿದ್ದರು. ಅರ್ಧದಷ್ಟು ಜನರಿಗೆ ಎಂಟು ವಾರ ಸಕ್ಕರೆಯನ್ನು ದಿನದ ಕ್ಯಾಲರಿಯ ಶೇ. 3ಕ್ಕಿಂತ ಕೆಳಗಿಡುವ ಊಟ. ಅವರ ಲಿವರ್ ಕೊಬ್ಬು ಶೇ. 25ರಿಂದ 17ಕ್ಕೆ ಇಳಿಯಿತು. ಎಂದಿನ ಊಟ ಮಾಡಿದವರಲ್ಲಿ 21ರಿಂದ 20ಕ್ಕೆ, ಅಂದರೆ ಹೆಚ್ಚುಕಡಿಮೆ ಅಲ್ಲೇ.

ಸುದ್ದಿಗಳಲ್ಲಿ ಅಂಕಿಗಳು ಬಂದವು. ಅದಕ್ಕಿಂತ ಮುಖ್ಯವಾದ ಒಂದು ವಿವರ ಬಿಟ್ಟುಹೋಯಿತು. ಆ ಪ್ರಯೋಗದಲ್ಲಿ ಊಟವನ್ನು ಹುಡುಗನಿಗೆ ಮಾತ್ರ ಕೊಟ್ಟದ್ದಲ್ಲ, ಮನೆಮಂದಿಗೆಲ್ಲ ಅದೇ ಊಟ ಒದಗಿಸಿದ್ದರು. ತಮ್ಮ ಐಸ್‌ಕ್ರೀಮ್ ತಿನ್ನುವಾಗ ಅಣ್ಣ ಸೌತೆಕಾಯಿ ತಿನ್ನುವುದು ಸಾಧ್ಯವಿಲ್ಲ ಎಂದು ಸಂಶೋಧಕರಿಗೂ ಗೊತ್ತಿತ್ತು.

ಒಬ್ಬ ಮಗುವನ್ನು ಬೇರೆ ಮಾಡಿ ಪಥ್ಯ ಹಾಕಿದರೆ ಅದಕ್ಕೆ ಊಟ ಒಂದು ಶಿಕ್ಷೆಯಾಗುತ್ತದೆ. ‘ಡುಮ್ಮ’ ಎಂದು ಕರೆದರೆ ಇನ್ನೂ ಕೆಟ್ಟದು. ತೂಕದ ಬಗ್ಗೆ ತಮಾಷೆಗೆ ಗುರಿಯಾದ ಮಕ್ಕಳು ಕದ್ದು ತಿನ್ನುವುದು, ಒಮ್ಮೆಲೇ ವಿಪರೀತ ತಿನ್ನುವುದು ಜಾಸ್ತಿ, ಅವರ ತೂಕ ಏರುವುದೂ ಜಾಸ್ತಿ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮದುವೆ ಮನೆಯಲ್ಲಿ, ನೆಂಟರ ಎದುರು ಮಗುವಿನ ತೂಕದ ಮಾತು ಎತ್ತದೇ ಇರುವುದೂ ಚಿಕಿತ್ಸೆಯ ಭಾಗವೇ. ಇನ್ನೊಂದು ಸಮಾಧಾನದ ವಿಷಯ: ಬೆಳೆಯುವ ವಯಸ್ಸಿನಲ್ಲಿ ತುಂಬಾ ಸಲ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ. ತೂಕ ಏರದೆ ನಿಂತು ಎತ್ತರ ಹೆಚ್ಚಾದರೂ ಲಿವರ್ ಸುಧಾರಿಸಬಹುದು. ಉಪವಾಸ, ಕ್ರ್ಯಾಶ್ ಡಯಟ್ ಮಕ್ಕಳಿಗೆ ಬೇಡವೇ ಬೇಡ.

ಅಂಗಡಿ, ತೆರಿಗೆ, ಲೇಬಲ್

ಎಲ್ಲವನ್ನೂ ಅಮ್ಮನ ಅಡುಗೆಮನೆಗೆ ಹೊರಿಸುವುದು ಅನ್ಯಾಯ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಮ್, ಕೇಕ್, ಇನ್‌ಸ್ಟಂಟ್ ನೂಡಲ್ಸ್ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಸಕ್ಕರೆ ಹಾಕಿದ ಗ್ಯಾಸ್ ಪಾನೀಯಗಳಿಗೆ ಮಾತ್ರ ಶೇ. 40. ಅಂದರೆ ಶಾಲೆಯೊಳಗೆ ಬೋರ್ಡು ‘ಕಡಿಮೆ ತಿನ್ನಿ’ ಅನ್ನುವ ಹೊತ್ತಿಗೇ ಗೇಟಿನ ಹೊರಗೆ ತಿಂಡಿ ಅಗ್ಗವಾಯಿತು. ಜನಸಾಮಾನ್ಯರಿಗೆ ಬೆಲೆ ಇಳಿದದ್ದು ಅನುಕೂಲ ಎನ್ನುವ ವಾದವನ್ನು ತಳ್ಳಿಹಾಕಲಾಗದು. ಆದರೆ ಆರೋಗ್ಯದ ಕಡೆಯಿಂದ ನೋಡಿದರೆ ಎರಡು ನೀತಿಗಳು ಎದುರುಬದುರು ಎಳೆಯುತ್ತಿವೆ.

ಪ್ಯಾಕೆಟ್ ಮೇಲಿನ ಲೇಬಲ್ ಬಗ್ಗೆಯೂ ಜಗಳ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ನಕ್ಷತ್ರದ ರೇಟಿಂಗ್ ಪ್ರಸ್ತಾಪಿಸಿತು. ಚಿಲಿ ದೇಶ 2016ರಿಂದ ಮಾಡುತ್ತಿರುವಂತೆ ‘ಸಕ್ಕರೆ ಜಾಸ್ತಿ’ ಎಂಬ ಕಪ್ಪು ಎಚ್ಚರಿಕೆ ಗುರುತು ಬೇಕು ಎನ್ನುವುದು ಆರೋಗ್ಯ ಕಾರ್ಯಕರ್ತರ ಪಟ್ಟು. ನಕ್ಷತ್ರದಲ್ಲಿ ಸಕ್ಕರೆ ಜಾಸ್ತಿ ಇರುವ ತಿಂಡಿಯೂ ಒಂದಿಷ್ಟು ನಾರು, ಪ್ರೋಟೀನ್ ಸೇರಿಸಿ ಅಂಕ ಗಿಟ್ಟಿಸಿಕೊಳ್ಳಬಹುದು. ಮಗುವಿನ ಕಣ್ಣಿಗೆ ನಕ್ಷತ್ರ ಬಹುಮಾನದಂತೆ ಕಾಣುತ್ತದೆ. ಎಚ್ಚರಿಕೆ ಗುರುತೇ ಸರಿಯಾದ ದಾರಿ.

ಸ್ಕ್ಯಾನೋ, ರಕ್ತ ಪರೀಕ್ಷೆಯೋ

ಇಲ್ಲಿ ತಜ್ಞರೇ ಒಮ್ಮತದಲ್ಲಿಲ್ಲ. ಉತ್ತರ ಅಮೆರಿಕದ ಮಕ್ಕಳ ಲಿವರ್ ತಜ್ಞರ 2017ರ ಮಾರ್ಗಸೂಚಿ 9ರಿಂದ 11 ವರ್ಷದೊಳಗೆ, ಬೊಜ್ಜಿರುವ ಮಕ್ಕಳಿಗೆಲ್ಲ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ರಕ್ತ ಪರೀಕ್ಷೆ ಮಾಡಿ, ಅಲ್ಟ್ರಾಸೌಂಡನ್ನು ನೆಚ್ಚಬೇಡಿ ಅನ್ನುತ್ತದೆ. ಬ್ರಿಟನ್ನಿನ 2016ರ ಮಾರ್ಗಸೂಚಿ ಟೈಪ್ 2 ಸಕ್ಕರೆ ಕಾಯಿಲೆ ಅಥವಾ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಬಿಪಿ, ರಕ್ತದ ಸಕ್ಕರೆ, ಕೊಬ್ಬು ಒಟ್ಟಿಗೇ ಏರುಪೇರಾದ ಸ್ಥಿತಿ) ಇರುವ ಮಕ್ಕಳಿಗೆ ಅಲ್ಟ್ರಾಸೌಂಡ್ ಮಾಡಿ, ರಕ್ತ ಪರೀಕ್ಷೆ ಸರಿಯಿದೆ ಎಂದು ಸುಮ್ಮನಾಗಬೇಡಿ ಅನ್ನುತ್ತದೆ. ಎರಡಕ್ಕೂ ಕಾರಣ ಇದೆ. ಕೊಬ್ಬು ಸ್ವಲ್ಪವೇ ಇದ್ದರೆ ಅಲ್ಟ್ರಾಸೌಂಡಿಗೆ ಕಾಣುವುದಿಲ್ಲ. ಕೊಬ್ಬು ಇದ್ದರೂ ಎಸ್‌ಜಿಪಿಟಿ ಏರದೇ ಇರಬಹುದು.

ಪೋಷಕರು ತಿಳಿದಿರಬೇಕಾದ ಎರಡು ವಿಷಯ. ಒಂದು, ಅಲ್ಟ್ರಾಸೌಂಡ್ ವರದಿಯ ‘ಗ್ರೇಡ್ 1’ ಎಂಬುದು ಕೊಬ್ಬಿನ ಅಂದಾಜು ಪ್ರಮಾಣ ಅಷ್ಟೇ. ಉರಿಯೂತ, ಕಲೆಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಇನ್ನೊಂದು, ಲ್ಯಾಬ್ ಚೀಟಿಯಲ್ಲಿ ಎಸ್‌ಜಿಪಿಟಿ 40 ತನಕ ‘ನಾರ್ಮಲ್’ ಎಂದು ಇರಬಹುದು, ಅದು ದೊಡ್ಡವರ ಲೆಕ್ಕ. ಅಮೆರಿಕದ ಮಾರ್ಗಸೂಚಿ ಮಕ್ಕಳಿಗೆ ಇಟ್ಟ ಗೆರೆ ಹುಡುಗಿಯರಿಗೆ 22, ಹುಡುಗರಿಗೆ 26. ಅದರ ಎರಡು ಪಟ್ಟಿಗಿಂತ ಜಾಸ್ತಿ ಇದ್ದು ಮೂರು ತಿಂಗಳಾದರೂ ಇಳಿಯದಿದ್ದರೆ, ಅಥವಾ 80 ದಾಟಿದರೆ, ಮುಂದಿನ ತಪಾಸಣೆ ಬೇಕೇ ಬೇಕು.

ಮಕ್ಕಳಲ್ಲಿ ಲಿವರ್ ಕೊಬ್ಬಿಗೆ ಬೇರೆ ಕಾರಣಗಳೂ ಇರುತ್ತವೆ ಎಂಬುದನ್ನು ಮರೆಯಬಾರದು. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಅವುಗಳಲ್ಲಿ ಒಂದು. ಅದಕ್ಕೆ ಬೇರೆಯೇ ಔಷಧಿ ಇದೆ, ತಡವಾದರೆ ಅಪಾಯ. ಸಪೂರ ಮಗುವಿನ ಲಿವರ್‌ನಲ್ಲಿ ಕೊಬ್ಬು ಕಂಡರೆ ಇದನ್ನು ಮೊದಲು ತಳ್ಳಿಹಾಕಬೇಕು.

ಔಷಧಿ

ದೊಡ್ಡವರಿಗೆ ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಾಗ್ಲುಟೈಡ್‌ಗೆ ಲಿವರ್ ಚಿಕಿತ್ಸೆಗಾಗಿ ಒಪ್ಪಿಗೆ ಸಿಕ್ಕಿತು. ಅದೂ ಉರಿಯೂತದ ಜೊತೆ ಕಲೆ ಬಿದ್ದವರಿಗೆ. ಅದು ಮಕ್ಕಳಿಗೆ ಕೊಟ್ಟ ಒಪ್ಪಿಗೆಯಲ್ಲ. ‘ಲಿವರ್ ಟಾನಿಕ್’, ‘ಡಿಟಾಕ್ಸ್’ ಕಷಾಯಗಳಿಂದ ಮಕ್ಕಳ ಕೊಬ್ಬು ಕರಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ, ಕೆಲವು ಗಿಡಮೂಲಿಕೆಗಳು ಲಿವರ್‌ಗೇ ಪೆಟ್ಟು ಕೊಟ್ಟ ಉದಾಹರಣೆಗಳಿವೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಕೊಡಬೇಡಿ. ಊಟ ಮತ್ತು ಆಟದ ಬದಲಾವಣೆ ಶುರುಮಾಡಿದ ಮೇಲೆ ಅದೇ ರಕ್ತ ಪರೀಕ್ಷೆಯನ್ನು ಯಾವಾಗ ಪುನಃ ಮಾಡಿಸಬೇಕು ಎಂದು ಮೊದಲ ಭೇಟಿಯಲ್ಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಹಳೆಯ ಚೀಟಿಯನ್ನು ಜೋಪಾನ ಮಾಡಿಡಿ. ಹೊಸ ಅಂಕಿಯನ್ನು ಅದರ ಜೊತೆ ಹೋಲಿಸಿ ನೋಡಿಯೇ ವೈದ್ಯರು ಮುಂದಿನ ದಾರಿ ಹೇಳುವುದು.